ಒಂಬತ್ತು ಪ್ಲೇಟಿಗೆ ಸೋಮವಾರದ ರಜೆ

ತಳಕಿನ ಬಸ್ ನಿಲ್ದಾಣದಿಂದ ಕೂಗಳತೆಯಲ್ಲಿ ಒಂದು ಶೇಂಗಾ ಗಿರಣಿ ಇದೆ. ಅದಕ್ಕೆ ಇಬ್ಬರು ಹಕ್ಕುದಾರರು. ಗಿರಣಿಯನ್ನು ನಡೆಸುವವಳು ಶಿವಬಸಮ್ಮ; ನಡೆಸುವುದು ಬೇಡ ಎನ್ನುವವನು ಅವಳ ಮೈದುನ ಮುರುಗೇಂದ್ರಪ್ಪ. ಶಿವಬಸಮ್ಮನ ಗಂಡ ತೀರಿಕೊಂಡು ಹತ್ತೊಂಬತ್ತು ವರ್ಷವಾಯಿತು. ಅಂದಿನಿಂದ ಇಬ್ಬರೂ ತಮ್ಮ ತಮ್ಮ ಕೆಲಸವನ್ನು ತಪ್ಪದೆ ಮಾಡಿಕೊಂಡು ಬಂದಿದ್ದಾರೆ.

ಗಿರಣಿಯಲ್ಲಿ ಎರಡು ಮಷೀನು. ಒಂದು ಶೇಂಗಾದ ಸಿಪ್ಪೆ ಬಿಡಿಸುತ್ತದೆ, ಇನ್ನೊಂದು ಎಣ್ಣೆ ಹಿಂಡುತ್ತದೆ. ಎರಡನ್ನೂ ನೋಡಿಕೊಳ್ಳುವವನು ಗೌರಸಮುದ್ರದ ಕಡೆಯ ಪಾತಣ್ಣ. ಮೂವತ್ತು ವರ್ಷದಿಂದ ಇದ್ದಾನೆ. ಯಾವ ಮಷೀನಿಗೆ ಏನೇ ಬೇನೆ ಬಂದರೂ ಅವನ ಔಷಧ ಒಂದೇ, ಎಣ್ಣೆ ಬಿಡುವುದು. ಎಣ್ಣೆ ಗಿರಣಿಯಾದ್ದರಿಂದ ಔಷಧಕ್ಕೆ ಕೊರತೆ ಇರಲಿಲ್ಲ.

ಕೊರತೆ ಇದ್ದದ್ದು ಕರೆಂಟಿಗೆ. ತಳಕಿಗೆ ತ್ರೀ ಫೇಸ್ ಕರೆಂಟು ಬರುತ್ತದೆ, ಆದರೆ ಬರುವ ಹೊತ್ತನ್ನು ಯಾರಿಗೂ ಹೇಳುವುದಿಲ್ಲ. ರೈತರು ಮೂಟೆ ಇಳಿಸಿ, ಬೇವಿನ ಮರದ ಕೆಳಗೆ ಕೂತು, ಎರಡು ಸಲ ಟೀ ಕುಡಿದು, ಮೂಟೆಯನ್ನು ಮತ್ತೆ ಟ್ರ್ಯಾಕ್ಟರಿಗೇರಿಸಿಕೊಂಡು ಚಳ್ಳಕೆರೆಯ ದೊಡ್ಡ ಮಿಲ್ಲುಗಳಿಗೆ ಹೋಗುತ್ತಿದ್ದರು. ಹೋಗುವಾಗ "ಬರ್ತೀವಿ ಕಣಮ್ಮ" ಎಂದು ಹೇಳಿಯೇ ಹೋಗುತ್ತಿದ್ದರು. ಬರುತ್ತಿರಲಿಲ್ಲ.

ಮುರುಗೇಂದ್ರಪ್ಪನಿಗೆ ಚಳ್ಳಕೆರೆಯಲ್ಲಿ ಸಿಮೆಂಟಿನ ಅಂಗಡಿ. ಈ ಸಲದ ಆಯುಧಪೂಜೆಯ ದಿನ ಅವನು ಎರಡೂ ಮಷೀನಿಗೆ ವಿಭೂತಿ ಹಚ್ಚಿ, ಕುಂಬಳಕಾಯಿ ಒಡೆದು, ಕೈ ತೊಳೆದುಕೊಂಡು ಮಾಳಿಗೆಯ ಕಡೆ ನೋಡಿದ.

"ಅತ್ತಿಗೆ, ಈ ಶೆಡ್ಡು ಸಿಮೆಂಟು ಇಡಾಕೆ ಹೇಳಿ ಮಾಡಿಸಿದಂಗೈತೆ. ಒಂದು ಹನಿ ಸೋರಲ್ಲ."

"ಸೋರದಂಗೆ ಮಾಳಿಗೆ ಹಾಕ್ಸಿದೋಳು ನಾನೇ ಅಲ್ವಾ?" ಎಂದಳು ಶಿವಬಸಮ್ಮ.

"ಅದಕ್ಕೇ ಹೇಳಿದ್ದು, ಒಳ್ಳೆ ಕೆಲಸ ಅಂತ. ಮಷೀನು ತಿರುಗೋದಕ್ಕಿಂತ ನಿಂತಿರೋದೇ ಜಾಸ್ತಿ. ಸುಮ್ನೆ ನಿಂತಿರೋದಾದ್ರೆ ಸಿಮೆಂಟೂ ನಿಂತಿರ್ತೈತೆ."

"ಕರೆಂಟು ಬಂದ್ರೆ ತಿರುಗ್ತಾವೆ."

"ಎಲ್ಲಿಂದ ಬರ್ತೈತೆ?"

"ಬೇರೆ ಬೇರೆ ಥರದ ಕರೆಂಟು ಬಂದಾವಂತೆ. ಬಿಸಿಲಿಂದು, ಗಾಳೀದು. ಕೇಳ್ಕೊಂಡು ಬರ್ತೀನಿ."

ಮುರುಗೇಂದ್ರಪ್ಪ ನ್ಯಾಯವಂತ. ಅತ್ತಿಗೆಯ ಬಾಯಿ ಮುಚ್ಚಿಸಿದ ಎಂಬ ಮಾತು ಬರಬಾರದು ಎಂದು ಅಲ್ಲಿಯೇ ಒಂದು ಕರಾರು ಹೇಳಿದ. ಎರಡು ಮಷೀನೂ ವಾರವಿಡೀ ನಡೆಯಲು ನೂರ ನಲವತ್ತು ಯೂನಿಟ್ ಬೇಕು ಎಂದು ಪಾತಣ್ಣ ಲೆಕ್ಕ ಕೊಟ್ಟ. ಕಾರ್ತಿಕ ಮಾಸದಲ್ಲಿ ಯಾವುದಾದರೂ ಒಂದು ವಾರ, ಮಂಗಳವಾರದಿಂದ ಸೋಮವಾರದವರೆಗೆ, ಆ ನೂರ ನಲವತ್ತನ್ನು ತೋರಿಸಿದರೆ ಇನ್ನು ಶೆಡ್ಡಿನ ಮಾತೆತ್ತುವುದಿಲ್ಲ. ತೋರಿಸದಿದ್ದರೆ ಕಡೆಯ ಕಾರ್ತಿಕ ಸೋಮವಾರದ ಮಾರನೆಯ ದಿನ ಸಿಮೆಂಟಿನ ಲಾರಿ ಬರುತ್ತದೆ.

ವಾರ ಮಂಗಳವಾರ ಶುರುವಾಗುವುದಕ್ಕೆ ಕಾರಣವಿದೆ. ಮುರುಗೇಂದ್ರಪ್ಪನ ತಂದೆಯ ಕಾಲದಲ್ಲಿ ಇದೇ ಜಾಗದಲ್ಲಿ ಎತ್ತು ಕಟ್ಟಿದ ಗಾಣ ತಿರುಗುತ್ತಿತ್ತು. ಸೋಮವಾರ ಬಸವಣ್ಣನ ದಿನ, ಎತ್ತಿಗೆ ನೊಗವಿಲ್ಲ. ಅದರ ಮೈ ತೊಳೆದು, ಬೆನ್ನಿನ ಮೇಲೆ ಕರಿ ಕಂಬಳಿ ಹೊದಿಸಿ, ನೆರಳಿಗೆ ಕಟ್ಟುತ್ತಿದ್ದರು. ಎತ್ತು ಹೋಗಿ ಮೋಟಾರು ಬಂದ ಮೇಲೂ ಸೋಮವಾರ ಹೋಗಲಿಲ್ಲ. ಅದೇ ಕಂಬಳಿಯನ್ನು ಮೋಟಾರಿಗೆ ಹೊದಿಸಿದರು. ಮೋಟಾರು ಅದಕ್ಕೇನೂ ಅನ್ನಲಿಲ್ಲ.

ಶಿವಬಸಮ್ಮ ಮಾಹಿತಿ ಹುಡುಕಲು ಹೊರಟಳು.

ಮೊದಲು ಹೋದದ್ದು ಬಸ್ ನಿಲ್ದಾಣದ ಮೊಬೈಲ್ ಅಂಗಡಿಯ ವೀರೇಶನ ಹತ್ತಿರ. ಅವನು ಫೋನಿನಲ್ಲಿ ಏನೋ ಒತ್ತಿ, "ಮಾಹಿತಿ ಬೇಕಾದ್ರೆ ನಂಬರ್ ಕೊಡಬೇಕಂತೆ ಅಜ್ಜಿ" ಎಂದು ಅವಳ ನಂಬರನ್ನು ಹಾಕಿಕೊಟ್ಟ. ಮಾರನೆಯ ದಿನದಿಂದ ಅವಳಿಗೆ ಫೋನು ಬರಲು ಶುರುವಾಯಿತು. ಕೆಲವರು ಹಿಂದಿಯಲ್ಲಿ ಮಾತಾಡಿದರು, ಕೆಲವರು ಇಂಗ್ಲಿಷಿನಲ್ಲಿ. ಅವಳು ಎಲ್ಲರ ಮಾತನ್ನೂ ಕೊನೆಯವರೆಗೆ ಕೇಳಿ, "ಆಯ್ತಪ್ಪ, ಊಟ ಮಾಡು" ಎಂದು ಇಡುತ್ತಿದ್ದಳು. ಒಬ್ಬನಿಗೆ ಮಾತ್ರ ಕನ್ನಡ ಬರುತ್ತಿತ್ತು.

"ಮೇಡಂ, ನಿಮ್ಮ ಇಂಡಸ್ಟ್ರಿ ಎಷ್ಟು ದೊಡ್ಡದು?"

"ಎರಡು ಮಷೀನು, ಒಬ್ಬ ಪಾತಣ್ಣ."

ಆ ಕಡೆಯವನು ಮತ್ತೆ ಕರೆ ಮಾಡುತ್ತೇನೆ ಎಂದ. ಮಾಡಲಿಲ್ಲ.

ಆಮೇಲೆ ಚಳ್ಳಕೆರೆಯ ಒಂದು ಕಚೇರಿಗೆ ಹೋದಳು. ಅಲ್ಲಿ ಬೊಮ್ಮಲಿಂಗಪ್ಪ ಎಂಬ ಗುಮಾಸ್ತರಿದ್ದರು. ಒಳ್ಳೆಯ ಮನುಷ್ಯ. ಕಪಾಟಿನಿಂದ ಒಂದು ಪುಸ್ತಿಕೆ ತೆಗೆದು, ಧೂಳು ಊದಿ, ಅವಳ ಕೈಗೆ ಕೊಟ್ಟರು. ‘ಉದ್ದಿಮೆಗಳಿಗೆ ನವೀಕರಿಸಬಹುದಾದ ಇಂಧನ’ ಎಂದು ಮೇಲೆ ಬರೆದಿತ್ತು. ಒಳಗೆ ಅರವತ್ನಾಲ್ಕು ಪುಟ. ಒಂದು ಹಸಿರು ಹುಲ್ಲಿನ ಚಿತ್ರ, ಅದರ ಮೇಲೆ ನಗುತ್ತಿರುವ ಒಂದು ಸಂಸಾರ. ಆ ಸಂಸಾರಕ್ಕೂ ಕರೆಂಟಿಗೂ ಏನು ಸಂಬಂಧ ಎಂದು ಎಲ್ಲಿಯೂ ಹೇಳಿರಲಿಲ್ಲ.

ಶಿವಬಸಮ್ಮ ಅದನ್ನು ಹನ್ನೊಂದು ದಿನ ಓದಿದಳು. ಕರೆಂಟು ಇಲ್ಲದ ಹೊತ್ತಿನಲ್ಲಿ ಪಾತಣ್ಣನಿಗೂ ಓದಿ ಹೇಳುತ್ತಿದ್ದಳು. ಹೊಳೆಯ ನೀರಿನಿಂದ ಕರೆಂಟು ಮಾಡುವ ಅಧ್ಯಾಯ ಬಂತು. "‘ನಿಮ್ಮ ಉದ್ದಿಮೆಯ ಸಮೀಪ ವರ್ಷವಿಡೀ ಹರಿಯುವ ತೊರೆ ಇದ್ದಲ್ಲಿ’ ಅಂತ ಐತೆ ಪಾತಣ್ಣ."

ಪಾತಣ್ಣ ಬಾಗಿಲಾಚೆ ನೋಡಿದ. ಬೇವಿನ ಮರ, ಅದರ ಬುಡದಲ್ಲಿ ದನ ಕುಡಿಯುವ ಕಲ್ಲುತೊಟ್ಟಿ, ಆಚೆಗೆ ರಸ್ತೆ. ತೊಟ್ಟಿಯೂ ಒಣಗಿತ್ತು. "ತೊರೆ ಇದ್ದಿದ್ರೆ ಶೇಂಗಾ ಯಾಕ್ ಬೆಳೀತಿದ್ರು ಅಮ್ಮಾರೆ, ಭತ್ತ ಬೆಳ್ಕಂಡು ಅನ್ನ ಉಣ್ತಿರ್ಲಿಲ್ವಾ? ಮುಂದಕ್ಕೆ ಓದ್ರಿ."

ಗಾಳಿಯಂತ್ರದ ಅಧ್ಯಾಯದಲ್ಲಿ ಕಂಬ ನಿಲ್ಲಿಸಲು ಬೇಕಾದ ಜಾಗದ ಅಳತೆ ಇತ್ತು. ಗಿರಣಿಯ ಜೊತೆಗೆ ಬಸ್ ನಿಲ್ದಾಣವನ್ನೂ ಸೇರಿಸಿದರೆ ಸರಿಹೋಗುತ್ತಿತ್ತು. ಸಿಪ್ಪೆ ಸುಟ್ಟು ಕರೆಂಟು ಮಾಡಬಹುದು ಎಂದು ಓದಿದಾಗ ಪಾತಣ್ಣ ಎದ್ದು ಕೂತ, ಯಾಕೆಂದರೆ ಗಿರಣಿಯ ಹಿಂದೆ ಸಿಪ್ಪೆಯ ಗುಡ್ಡೆಯೇ ಇತ್ತು. ಮುಂದಿನ ಸಾಲಿನಲ್ಲಿ ದಿನಕ್ಕೆ ಎಷ್ಟು ಟನ್ನು ಬೇಕು ಎಂದಿತ್ತು. ಅವರ ಗುಡ್ಡೆ ಒಂದು ಬೆಳಗ್ಗೆಗೆ ಸಾಲುತ್ತಿತ್ತು. ಪಾತಣ್ಣ ಮತ್ತೆ ಒರಗಿದ.

ಉಳಿದದ್ದು ಬಿಸಿಲು. ಅದರ ಬಗ್ಗೆ ಇಪ್ಪತ್ತು ಪುಟ ಇತ್ತು, ಎಲ್ಲ ಚೆನ್ನಾಗಿಯೇ ಇತ್ತು. ಆದರೆ ತಳಕಿನಂಥ ಊರಿನಲ್ಲಿ, ಶೇಂಗಾ ಗಿರಣಿಯ ಮೇಲೆ, ದಿನಕ್ಕೆ ಎಷ್ಟು ಯೂನಿಟ್ ಬರುತ್ತದೆ ಎಂದು ಇರಲಿಲ್ಲ. ಕೊನೆಯ ಪುಟದಲ್ಲಿ ‘ಹೆಚ್ಚಿನ ಮಾಹಿತಿಗೆ ಹತ್ತಿರದ ಕಚೇರಿಯನ್ನು ಸಂಪರ್ಕಿಸಿ’ ಎಂದು ಬರೆದು, ಕೆಳಗೆ ಬೊಮ್ಮಲಿಂಗಪ್ಪನವರ ಕಚೇರಿಯ ಮೊಹರು ಹೊಡೆದಿತ್ತು.

ಅವಳು ಮತ್ತೆ ಚಳ್ಳಕೆರೆಯ ಬಸ್ಸು ಹತ್ತಿದಳು.

"ಪುಸ್ತಕ ಓದಿದ್ರಾ?" ಎಂದರು ಬೊಮ್ಮಲಿಂಗಪ್ಪ.

"ಓದಿದೆ."

"ಪೂರ್ತಿನಾ?"

"ಕಡೇ ಪುಟದ ತನಕ. ಅದಕ್ಕೇ ಬಂದೆ."

ಬೊಮ್ಮಲಿಂಗಪ್ಪ ಕನ್ನಡಕ ತೆಗೆದು ಅವಳನ್ನು ಸ್ವಲ್ಪ ಹೊತ್ತು ನೋಡಿದರು. ಇಷ್ಟು ವರ್ಷದಲ್ಲಿ ಆ ಪುಟದಿಂದ ಬಂದವರಲ್ಲಿ ಅವಳೇ ಮೊದಲನೆಯವಳು. "ನೋಡಮ್ಮ, ಪುಸ್ತಕದಲ್ಲಿ ಇರೋದು ನನಗೆ ಗೊತ್ತಿಲ್ಲ, ನಿಮಗೆ ಗೊತ್ತು. ಪುಸ್ತಕದಲ್ಲಿ ಇಲ್ಲದ್ದು ಇಬ್ಬರಿಗೂ ಗೊತ್ತಿಲ್ಲ. ಮೊಳಕಾಲ್ಮೂರಿನಲ್ಲಿ ಮುದ್ದಕ್ಕ ಅಂತ ಒಬ್ಬರು ಇದ್ದಾರೆ. ರೇಷ್ಮೆ ನೂಲಿಗೆ ಹುರಿ ಹಾಕೋ ಮಷೀನು ಇಟ್ಟಿದ್ದಾರೆ. ಎರಡು ವರ್ಷದಿಂದ ಬಿಸಿಲಲ್ಲೇ ನಡೆಸ್ತಾರೆ. ಅವರನ್ನ ಕೇಳಿ."

ಮುದ್ದಕ್ಕನ ಮನೆ ನೇಕಾರರ ಬೀದಿಯ ಕೊನೆಯಲ್ಲಿತ್ತು. ಒಳಗೆ ನೂರಾರು ಕದಿರು ಒಂದೇ ಸಮ ತಿರುಗುತ್ತಿದ್ದವು. ಕಿಟಕಿಗಳೆಲ್ಲ ಮುಚ್ಚಿದ್ದವು.

"ರಾ ಅಕ್ಕಯ್ಯ, ಕೂತ್ಕೋ" ಎಂದು ಮುದ್ದಕ್ಕ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಕರೆದಳು. ಪುಸ್ತಿಕೆಯನ್ನು ನೋಡಿ ನಕ್ಕಳು. "ಇದು ನನಗೂ ಕೊಟ್ಟಿದ್ರು. ಈ ಹುಲ್ಲು ಯಾವ ಊರ್ದೋ ಏನೋ."

"ನಮ್ಮ ಗಿರಣಿ ಮೇಲೆ ಎಷ್ಟು ಯೂನಿಟ್ ಬರ್ತೈತೆ, ಅದೊಂದು ಹೇಳವ್ವ."

"ನಾನು ಹೆಂಗೆ ಹೇಳ್ಲಿ? ಇಲ್ಲಿ ನೋಡು." ಗೋಡೆಯ ಮೊಳೆಗೆ ಎರಡು ಕ್ಯಾಲೆಂಡರು ತೂಗುಹಾಕಿದ್ದವು, ಹೋದ ವರ್ಷದ್ದು, ಈ ವರ್ಷದ್ದು. ಪ್ರತಿ ತಾರೀಖಿನ ಕೆಳಗೂ ಪೆನ್ಸಿಲಿನಲ್ಲಿ ಒಂದು ಸಂಖ್ಯೆ. "ದಿನಾ ಸಂಜೆ ಈ ಕರೆಂಟು ಅಳೆಯೋ ಡಬ್ಬಿ ಮೇಲಿನ ನಂಬರು ಬರೀತೀನಿ. ಅಷ್ಟೇ. ಇನ್ನೇನೂ ಮಾಡಲ್ಲ. ಎಷ್ಟು ಅಂತ ಡಬ್ಬಿ ಹೇಳ್ತೈತೆ, ಯಾಕೆ ಅಂತ ಹೇಳಲ್ಲ. ಅದನ್ನ ನಾನು ಹುಡುಕ್ತೀನಿ. ಇಲ್ಲಿ ಕಮ್ಮಿ ಐತೆ ನೋಡು, ಪಕ್ಕದ ಮನೆಯೋರು ನೀರಿನ ಟ್ಯಾಂಕು ಇಟ್ರು, ನೆರಳು ಬಿತ್ತು. ಇಲ್ಲಿ ಮೋಡ. ನಮ್ಮದು ರೇಷ್ಮೆ ಅಕ್ಕಯ್ಯ, ಧೂಳು ಬೀಳಬಾರ್ದು ಅಂತ ಕಿಟಕಿ ಸೈತ ತೆಗೆಯಲ್ಲ. ನಿನ್ನ ಗಿರಣಿ ಸಮಾಚಾರ ನಿನ್ನ ಗಿರಣೀನೇ ಹೇಳ್ಬೇಕು."

ಅವತ್ತು ಶಿವಬಸಮ್ಮನಿಗೆ ಎರಡು ಸಿಕ್ಕಿದವು. ಒಂದು, ಈ ಮಾತು. ಇನ್ನೊಂದು, ಮುದ್ದಕ್ಕನಿಗೆ ಪ್ಲೇಟು ಹಾಕಿಕೊಟ್ಟ ವಿಶ್ವನಾಥನ ನಂಬರು. ಅವನ ಬಳಿ ಯಾರೋ ಬೇಕೆಂದು ಹೇಳಿ ಆಮೇಲೆ ಬೇಡವೆಂದ ಒಂಬತ್ತು ಸೋಲಾರ್ ಪ್ಲೇಟು ಉಳಿದಿದ್ದವು. ಸುಮ್ಮನೆ ಬಿದ್ದಿರುವ ಬದಲು ಕಾರ್ತಿಕ ಮುಗಿಯುವ ತನಕ ನಿಮ್ಮ ಮಾಳಿಗೆಯ ಮೇಲಿರಲಿ, ಹಿಡಿಸಿದರೆ ಇಟ್ಟುಕೊಳ್ಳಿ ಎಂದ. ದೀಪಾವಳಿ ಕಳೆದ ಮೇಲೆ ಬಂದು ಜೋಡಿಸಿದ. ಗೋಡೆಗೆ ಒಂದು ಡಬ್ಬಿ ಹೊಡೆದು, ಅದರ ಗಾಜಿನಲ್ಲಿ ಕಾಣುವ ಅಂಕಿ ತೋರಿಸಿ, "ಮಷೀನು ನಡೆದಷ್ಟೂ ಇದು ಏರ್ತದೆ, ಮಾರನೇ ಬೆಳಗ್ಗೆ ಮತ್ತೆ ಸೊನ್ನೆಯಿಂದ ಶುರು. ತಿಂಗಳಿಗೊಂದು ಸಲ ಪ್ಲೇಟು ತೊಳೆದ್ರೆ ಸಾಕು, ಎಲ್ಲಾ ಕಡೇನೂ ಅಷ್ಟೇ" ಎಂದು ಹೇಳಿ ಹೋದ.

ಪಾತಣ್ಣ ಪ್ಲೇಟುಗಳ ಸುತ್ತ ಎರಡು ಸುತ್ತು ಬಂದ. "ತಿರುಗೋದು ಏನೂ ಇಲ್ಲ ಇದರಾಗೆ. ಆದ್ರೂ ಮೂಲೆ ಮೂಲೇಗೆ ಒಂದೊಂದು ತೊಟ್ಟು ಎಣ್ಣೆ ಬಿಡ್ಲಾ ಅಮ್ಮಾರೆ?"

"ಬೇಡ."

ಮಂಗಳವಾರ ಸಂಜೆ ಡಬ್ಬಿಯಲ್ಲಿ ಇಪ್ಪತ್ಮೂರು ಬಂತು. ಶಿವಬಸಮ್ಮ ನೋಟ್‌ಬುಕ್ಕಿನಲ್ಲಿ ಬರೆದಳು. ಮುರುಗೇಂದ್ರಪ್ಪ ನೋಡಲು ಬಂದವನು ಡಬ್ಬಿಯ ಅಂಕಿಯನ್ನು ಎರಡು ಸಲ ಓದಿದ. ಹೊರಡುವಾಗ ಬಾಗಿಲಲ್ಲಿ ನಿಂತ.

"ಸೋಮವಾರ ಇವು ಏನ್ ಮಾಡ್ತಾವೆ?"

"ಬಿಸಿಲು ಬಿದ್ರೆ ಕರೆಂಟು ಮಾಡ್ತಾವೆ" ಎಂದ ಪಾತಣ್ಣ.

"ಅಪ್ಪನ ಕಾಲದಾಗೆ ಸೋಮವಾರ ಗಾಣಕ್ಕೆ ಎತ್ತು ಕಟ್ಟಿದ್ವೇನೋ ಲೇ?"

"ಇಲ್ಲ ಬಿಡ್ರಿ."

"ಮತ್ತೆ?"

ಭಾನುವಾರ ಚಳ್ಳಕೆರೆಯ ಕಂಬಳಿ ಸಂತೆಯಲ್ಲಿ ಮುರುಗೇಂದ್ರಪ್ಪ ಒಂಬತ್ತು ಕರಿ ಕಂಬಳಿ ಆರಿಸಿ, ಬಸ್ಸಿನ ಮೇಲೆ ಹಾಕಿ ಕಳಿಸಿದ. ಪ್ಲೇಟಿಗೊಂದು. ಅಗ್ಗದ್ದಲ್ಲ, ಒಳ್ಳೆಯ ಒರಟು ಕಂಬಳಿ, ಆಡಿನ ಕೂದಲು ಬೆರೆಸದ ಅಪ್ಪಟ ಕುರಿ ಉಣ್ಣೆ. ಶಿವಬಸಮ್ಮ ವಿಶ್ವನಾಥನಿಗೆ ಫೋನು ಮಾಡಿ ಕೇಳಿದಳು. ಅವನು ಗ್ಯಾರಂಟಿ ಕಾರ್ಡು ತೆಗೆದು ಓದಿ, ಅದರಲ್ಲಿ ಕಂಬಳಿಯ ಬಗ್ಗೆ ಏನೂ ಬರೆದಿಲ್ಲ ಎಂದ. ಸೋಮವಾರ ಬೆಳಗ್ಗೆ ಪಾತಣ್ಣ ಮಾಳಿಗೆ ಹತ್ತಿ ಒಂಬತ್ತನ್ನೂ ಹೊದಿಸಿ, ತುದಿಗಳಿಗೆ ಹಗ್ಗ ಕಟ್ಟಿದ. ಮಂಗಳವಾರ ಬೆಳಗ್ಗೆ ಕೆಳಗಿನಿಂದ ಜಗ್ಗಿ ಎಳೆದುಕೊಂಡ. ಶಿವಬಸಮ್ಮ ಸೋಮವಾರದ ಮುಂದೆ ಸೊನ್ನೆ ಬರೆದಳು.

ಮೊದಲ ವಾರ ಹೀಗಿತ್ತು: ಮಂಗಳವಾರ ಇಪ್ಪತ್ಮೂರು, ಬುಧವಾರ ಇಪ್ಪತ್ತೆರಡು, ಗುರುವಾರ ಇಪ್ಪತ್ತು, ಶುಕ್ರವಾರ ಹದಿನೆಂಟು, ಶನಿವಾರ ಹದಿನೇಳು, ಭಾನುವಾರ ಹದಿನೈದು, ಸೋಮವಾರ ಸೊನ್ನೆ. ಒಟ್ಟು ನೂರ ಹದಿನೈದು.

ಎರಡನೆಯ ವಾರ ನೂರ ಹದಿಮೂರು.

ಮೂರನೆಯ ವಾರದ ಶನಿವಾರ ಮುರುಗೇಂದ್ರಪ್ಪ ಬಂದು ನೋಟ್‌ಬುಕ್ ತೆರೆದು ನೋಡಿದ. ಒಟ್ಟು ಮೊತ್ತಗಳನ್ನು ನೋಡಿ ಸಮಾಧಾನಪಟ್ಟ. ಆಮೇಲೆ ಬಿಡಿ ಅಂಕಿಗಳನ್ನು ನೋಡಿ ಇನ್ನೂ ಸಮಾಧಾನಪಟ್ಟ.

"ಅತ್ತಿಗೆ, ಇದು ನೋಡ್ರಿ. ಮಂಗಳವಾರ ಇಪ್ಪತ್ಮೂರು, ಮಂಗಳವಾರ ಇಪ್ಪತ್ಮೂರು, ಮಂಗಳವಾರ ಇಪ್ಪತ್ನಾಲ್ಕು. ಯಾವ ವಾರ ನೋಡಿದ್ರೂ ಮಂಗಳವಾರವೇ ಜಾಸ್ತಿ. ಯಾಕೆ?"

"ಯಾಕೆ?"

"ಸೋಮವಾರ ವಿಶ್ರಾಂತಿ ಸಿಕ್ತೈತಲ್ಲ! ಎತ್ತೂ ಹಿಂಗೇ ಇತ್ತು. ಮಂಗಳವಾರ ಹಾರಿ ಹಾರಿ ಎಳೀತಿತ್ತು, ಭಾನುವಾರದ ಹೊತ್ತಿಗೆ ನಾಲಿಗೆ ಚಾಚ್ತಿತ್ತು. ಅಪ್ಪ ಸುಮ್ನೆ ಮಾಡಿರ್ಲಿಲ್ಲ ಸೋಮವಾರನ. ಆದ್ರೆ ನೂರಾ ನಲವತ್ತು ಬರಲಿಲ್ಲ, ಅದು ಬೇರೆ ಮಾತು."

"ಸರಿಯಾಗಿ ಹೇಳಿದ್ರಿ ಅಣ್ಣೋರೆ, ಪಾಪ ದಣೀತಾವೆ" ಎಂದ ಪಾತಣ್ಣ. ಅವನಿಗೆ ಅದು ಮೊದಲೇ ಅನ್ನಿಸಿತ್ತು. ಗಿರಣಿ ಹೋದರೆ ಎಲ್ಲರಿಗಿಂತ ಮೊದಲು ಮನೆಗೆ ಹೋಗಬೇಕಾದವನು ಅವನೇ. ಆದರೂ ಸರಿಯಾದ ಮಾತನ್ನು ಸರಿ ಎನ್ನದೆ ಇರಲು ಅವನಿಂದ ಆ ತನಕ ಆಗಿರಲಿಲ್ಲ.

ಶಿವಬಸಮ್ಮ ಭಾನುವಾರ ಮಧ್ಯಾಹ್ನ ನೋಟ್‌ಬುಕ್ ಇಟ್ಟುಕೊಂಡು ಕೂತಳು. ಆಕಾಶದಲ್ಲಿ ಒಂದು ತುಂಡು ಮೋಡವಿರಲಿಲ್ಲ. ಬಿಸಿಲು ಮಂಗಳವಾರದಷ್ಟೇ ಇತ್ತು. ಮಷೀನು ಮಾತ್ರ ಏದುತ್ತಿತ್ತು. ಮುದ್ದಕ್ಕನ ಮನೆಯ ಮುಚ್ಚಿದ ಕಿಟಕಿಗಳು ಅವಳಿಗೆ ನೆನಪಾದವು. ಎದ್ದು ಸೆರಗು ಸಿಕ್ಕಿಸಿ ಕಬ್ಬಿಣದ ಏಣಿಯ ಹತ್ತಿರ ಹೋದಳು.

"ಅಮ್ಮಾರೆ, ಈ ವಯಸ್ನಾಗೆ ಏಣಿ..."

"ವಯಸ್ಸು ನನ್ನ ಹಿಂದೆ ಹತ್ಲಿ. ನೀನು ಏಣಿ ಹಿಡ್ಕೋ."

ಮಾಳಿಗೆಯ ಮೇಲೆ ಒಂಬತ್ತು ಪ್ಲೇಟೂ ಮಣ್ಣಿನ ಬಣ್ಣಕ್ಕೆ ತಿರುಗಿದ್ದವು. ಸಿಪ್ಪೆ ಬಿಡಿಸುವ ಮಷೀನಿಗೆ ಒಂದು ಫ್ಯಾನು ಇದೆ. ಅದು ಸಿಪ್ಪೆಯ ಪುಡಿಯನ್ನು ಒಂದು ಕೊಳವೆಯಿಂದ ಹೊರಗೆ ಊದುತ್ತದೆ. ಕೊಳವೆಯ ಬಾಯಿ ಮಾಳಿಗೆಯ ಅಂಚಿನಲ್ಲಿತ್ತು. ಇಷ್ಟು ವರ್ಷ ಆ ಪುಡಿ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಿರಲಿಲ್ಲ. ಹೋಗುವುದಕ್ಕೆ ಅದಕ್ಕೆ ಈಗ ಒಂದು ಜಾಗ ಸಿಕ್ಕಿತ್ತು.

ಶಿವಬಸಮ್ಮ ಬಗ್ಗಿ ನಡುವಿನ ಪ್ಲೇಟಿನ ಮೇಲೆ ಬೆರಳಿನಿಂದ ‘ಶ್ರೀ’ ಎಂದು ಬರೆದಳು. ಚೆನ್ನಾಗಿ ಮೂಡಿತು.

ಪಾತಣ್ಣ ಏಣಿಯ ಮೇಲಿಂದ ತಲೆ ಹಾಕಿ ನೋಡಿದ. "ಥೂ ಇದ್ರ! ಈಗ್ಲೇ ಒರೆಸಿ ಬಿಡ್ಲಾ?"

"ಬೇಡ. ಈ ವಾರ ಹೆಂಗೂ ಹೋಯ್ತು. ಯಾರೂ ಒರೆಸದೆ ಮಂಗಳವಾರದ ಇಪ್ಪತ್ನಾಲ್ಕು ಎಲ್ಲಿಂದ ಬರ್ತೈತೆ, ಅದು ನೋಡಬೇಕು."

ಸೋಮವಾರ ಕಂಬಳಿ ಹೊದಿಸಿದ್ದಾಯಿತು. ಮಂಗಳವಾರ ಬೆಳಗ್ಗೆ ಅವಳು ಮೊದಲೇ ಮೇಲೆ ಹತ್ತಿ ನಿಂತಳು. ಪಾತಣ್ಣ ಕೆಳಗಿನಿಂದ ಹಗ್ಗ ಜಗ್ಗಿದ. ಒರಟು ಕಂಬಳಿ ಪ್ಲೇಟಿನ ಮೇಲಿಂದ ಕೆಳಗಿನವರೆಗೆ ಜರಜರ ಎಂದು ಜಾರಿತು. ಅದರ ಹಿಂದೆ ಕನ್ನಡಿಯಂಥ ನೀಲಿ ಗಾಜು ಬಂತು. ಗಾಜಿನಲ್ಲಿ ಅವಳ ಮುಖ ಕಂಡಿತು. ‘ಶ್ರೀ’ ಇರಲಿಲ್ಲ.

"ಪಾತಣ್ಣ, ಮಂಗಳವಾರ ಇಪ್ಪತ್ನಾಲ್ಕು ತರ್ತಿದ್ದೋನು ನೀನೇ ಕಣೋ."

ಪಾತಣ್ಣ ಕಂಬಳಿ ಕೊಡವಿದ. ಎದ್ದ ಪುಡಿಯಲ್ಲಿ ಅವನೇ ಕಾಣದಾದ. ಒಳಗಿನಿಂದ ಅವನ ದನಿ ಬಂತು: "ಹಂಗಾದ್ರೆ ಅವು ದಣಿದಿರ್ಲಿಲ್ವಾ?"

"ಇಲ್ಲ. ಕಣ್ಣಿಗೆ ಕಸ ಬಿದ್ದಿತ್ತು."

ಅದು ಕಡೆಯ ವಾರ. ಅಂದಿನಿಂದ ಪಾತಣ್ಣ ಪ್ರತಿ ಬೆಳಗ್ಗೆ ಕಂಬಳಿ ಹೊದಿಸಿ, ಹೊದಿಸಿದ ಕೂಡಲೇ ಎಳೆದ. ರಸ್ತೆಯಲ್ಲಿ ಹೋಗುವವರು ನಿಂತು ನೋಡಿ, ಕೇಳುವುದು ಸರಿಯಲ್ಲ ಎಂದು ಮುಂದೆ ಹೋಗುತ್ತಿದ್ದರು. ಮಂಗಳವಾರ ಇಪ್ಪತ್ನಾಲ್ಕು, ಬುಧವಾರ ಇಪ್ಪತ್ಮೂರು, ಗುರುವಾರ ಇಪ್ಪತ್ತೆರಡು, ಶುಕ್ರವಾರ ಇಪ್ಪತ್ಮೂರು, ಶನಿವಾರ ಇಪ್ಪತ್ತೆರಡು, ಭಾನುವಾರ ಇಪ್ಪತ್ತೆರಡು. ಶಿವಬಸಮ್ಮ ಮೂರು ಸಲ ಕೂಡಿದಳು. ಮೂರು ಸಲವೂ ನೂರ ಮೂವತ್ತಾರೇ ಬಂತು.

ನಾಲ್ಕು ಕಡಿಮೆ. ಉಳಿದದ್ದು ಸೋಮವಾರ, ಕಡೆಯ ಕಾರ್ತಿಕ ಸೋಮವಾರ.

ಬೆಳಗ್ಗೆ ಮುರುಗೇಂದ್ರಪ್ಪ ಚಳ್ಳಕೆರೆಯಿಂದ ಹೂವು, ಬಿಲ್ವಪತ್ರೆ ತಂದ. ಲಾರಿಗೆ ಹೇಳಿಯೂ ಬಂದಿದ್ದ. ಬಂದವನೇ ಮಾಳಿಗೆಯ ಕಡೆ ನೋಡಿದ. ಒಂಬತ್ತು ಕಂಬಳಿಯೂ ಜಾಗದಲ್ಲಿದ್ದವು. ಸಂತೋಷವಾಗಿ ಕೈಕಾಲು ತೊಳೆಯಲು ಹೋದ.

ಪಾತಣ್ಣ ಶಿವಬಸಮ್ಮನ ಹತ್ತಿರ ಬಂದು ದನಿ ತಗ್ಗಿಸಿದ. "ನಾಲ್ಕೇ ನಾಲ್ಕು ಯೂನಿಟ್ಟು ಅಮ್ಮಾರೆ. ಅಣ್ಣೋರು ಪೂಜೆಗೆ ಕೂತ್ರೆ ಬೇಗ ಏಳಲ್ಲ. ಕಂಬಳಿ ಒಂಚೂರು ಆಚೆ ಸರಿಸಿದ್ರೆ..."

"ಕದ್ದ ಯೂನಿಟ್ಟು ಈ ನೋಟ್‌ಬುಕ್ಕಿನಾಗೆ ಬರ್ಯಾಕೆ ಬರಲ್ಲ ಪಾತಣ್ಣ."

ಪೂಜೆ ಮುಗಿಯುವ ತನಕ ಅವಳು ಬೇವಿನ ಮರದ ಕೆಳಗೆ ಕೂತಿದ್ದಳು. ಮುರುಗೇಂದ್ರಪ್ಪ ವಿಭೂತಿ ಹಚ್ಚಿಕೊಂಡು ಹೊರಗೆ ಬಂದು ಅವಳ ಪಕ್ಕದ ಕಲ್ಲಿನ ಮೇಲೆ ಕೂತ. ಅವಳು ಪ್ರಸಾದ ಕಣ್ಣಿಗೊತ್ತಿಕೊಂಡು ಕೇಳಿದಳು.

"ಮಾವನೋರ ಕಾಲದಾಗೆ, ಸೋಮವಾರ ಆ ಎತ್ತಿಗೆ ನೀರು ಯಾರು ಕುಡಿಸ್ತಿದ್ರು?"

ಮುರುಗೇಂದ್ರಪ್ಪನಿಗೆ ಆ ಕಾಲದ ಮಾತು ಇಷ್ಟ. "ಯಾರು ಅಂದ್ರೆ? ನಾನೇ! ಶಾಲೆಗೆ ಹೋಗೋ ಮುಂಚೆ ಬಾವಿಯಿಂದ ಹನ್ನೆರಡು ಕೊಡ ಸೇದಿ ಈ ತೊಟ್ಟಿ ತುಂಬಿಸ್ಬೇಕಿತ್ತು. ಕೈಯಾಗೆ ಬೊಬ್ಬೆ ಬರ್ತಿದ್ವು. ನಮ್ಮ ಎತ್ತಿಗಷ್ಟೇ ಅಲ್ಲ, ಬೀದಿ ದನಕ್ಕೂ. ಅಣ್ಣ ತಪ್ಪಿಸ್ಕೊಂತಿದ್ದ, ನಾನು ಒಂದು ಸೋಮವಾರನೂ ತಪ್ಪಿಸ್ಲಿಲ್ಲ."

"ಸೋಮವಾರ ಕೆಲಸ ಮಾಡಬಾರ್ದಲ್ಲ?"

"ಅದು ಕೆಲಸ ಹೆಂಗಾಗ್ತೈತೆ ಅತ್ತಿಗೆ? ಅದು ಸೇವೆ."

"ಹೌದು" ಎಂದಳು ಶಿವಬಸಮ್ಮ. ಸೆರಗು ಸರಿಮಾಡಿಕೊಂಡು, "ಈಗ ಯಾರು ಸೇದ್ತಾರೆ?" ಎಂದಳು.

"ಈಗ ಯಾರು ಸೇದ್ತಾರೆ, ಬೋರಿನ ಮೋಟಾರು."

"ಅದಕ್ಕೂ ಕರೆಂಟು ಬಂದಾಗಲೇ. ತೊಟ್ಟಿ ಒಣಗೈತೆ ನೋಡ್ರಿ."

ಮುರುಗೇಂದ್ರಪ್ಪ ನೋಡಿದ. ತೊಟ್ಟಿಯ ತಳದಲ್ಲಿ ಬೇವಿನ ಎಲೆ ಬಿದ್ದಿದ್ದವು. ಒಂದು ಕರು ಒಳಗೆ ಮೂತಿ ಹಾಕಿ, ಎಲೆ ಮೂಸಿ, ಅವನ ಮುಖ ನೋಡಿತು. ಅವನು ಮಾಳಿಗೆಯ ಕಡೆ ನೋಡಿದ, ಆಮೇಲೆ ಅತ್ತಿಗೆಯ ಕಡೆ. ಅವಳು ಕರುವಿನ ಕಡೆ ನೋಡುತ್ತಿದ್ದಳು. ಅವನು ಹಣೆಯ ವಿಭೂತಿ ಮುಟ್ಟಿಕೊಂಡು ಬಹಳ ಹೊತ್ತು ಯೋಚಿಸಿದ.

"ಗಾಣ ತಿರುಗಂಗಿಲ್ಲ" ಎಂದ ಕೊನೆಗೆ.

"ಇಲ್ಲ."

"ತೊಟ್ಟಿ ತುಂಬೋ ತನಕ ಮಾತ್ರ. ತುಂಬಿದ ಕೂಡ್ಲೆ ಕಂಬಳಿ ವಾಪಸ್ಸು."

"ತುಂಬೋ ತನಕ ಮಾತ್ರ."

ಪಾತಣ್ಣ ಆಗಲೇ ಏಣಿಯ ಅರ್ಧದಲ್ಲಿದ್ದ. ಒಂಬತ್ತು ಕಂಬಳಿಯೂ ಇಳಿದವು. ಬೋರಿನ ಮೋಟಾರಿನ ವೈರನ್ನು ಡಬ್ಬಿಗೆ ಜೋಡಿಸಿದ. ತೊಟ್ಟಿಗೆ ನೀರು ಬಿತ್ತು.

ಅರ್ಧ ತೊಟ್ಟಿ ತುಂಬಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಡಬ್ಬಿ ಇನ್ನೂ ಒಂದು ಯೂನಿಟ್ಟನ್ನೂ ತೋರಿಸಿರಲಿಲ್ಲ. ಪಾತಣ್ಣನ ಮುಖ ಬಾಡಿತು. ಆಗ ಕರು ಕುಡಿಯಿತು. ಕರುವಿನ ಹಿಂದೆ ಅದರ ತಾಯಿ ಬಂತು. ನೀರಿನ ಸದ್ದಿಗೆ ಬಸ್ ನಿಲ್ದಾಣದ ಹಿಂದಿದ್ದ ನಾಲ್ಕು ಎಮ್ಮೆ ಬಂದವು. ತೊಟ್ಟಿ ಮತ್ತೆ ತಳ ಕಂಡಿತು.

ಮುರುಗೇಂದ್ರಪ್ಪ ಎದ್ದು ಎಮ್ಮೆಗೆ ಜಾಗ ಬಿಟ್ಟ. ಸೋಮವಾರ ದನವನ್ನು ನೀರಿನಿಂದ ಅಟ್ಟುವುದು ಆ ಮನೆಯಲ್ಲಿ ಇರಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಸಿದ್ದಾಪುರದ ಕಡೆಯಿಂದ ಮೇಯಿಸುತ್ತ ಬಂದಿದ್ದ ಯತ್ತಪ್ಪ ಎಂಬವನು ರಸ್ತೆಯಲ್ಲಿ ಕುರಿ ಹಿಂಡು ಹೊಡೆದುಕೊಂಡು ಹೋಗುತ್ತಿದ್ದ. ತೊಟ್ಟಿ ನೋಡಿ ನಿಂತ.

"ಸ್ವಾಮೇರ, ಕುರಿಗೆ ಒಂಚೂರು ನೀರು ಕುಡಿಸ್ಕೊಳ್ಲಾ?"

"ಎಷ್ಟವೆ?" ಎಂದ ಮುರುಗೇಂದ್ರಪ್ಪ.

"ನೂರಾ ಹತ್ತು ಇರ್ಬೇಕು. ಮರಿ ಬಿಟ್ಟು."

ಮುರುಗೇಂದ್ರಪ್ಪ ಕುರಿ ಹಿಂಡನ್ನೊಮ್ಮೆ, ತೊಟ್ಟಿಯನ್ನೊಮ್ಮೆ ನೋಡಿದ. ಶಿವಬಸಮ್ಮ ಪ್ರಸಾದದ ಬಾಳೆಹಣ್ಣಿನ ಸಿಪ್ಪೆಯನ್ನು ಕರುವಿಗೆ ಕೊಡುತ್ತಿದ್ದಳು.

"ಕುಡಿಸ್ಕೋ" ಎಂದ.

ನೂರ ಹತ್ತು ಕುರಿ ಸರದಿ ಪ್ರಕಾರ ಕುಡಿಯುವುದಿಲ್ಲ. ಮೇಲೆ ಹತ್ತಿದವು, ಒಳಗೆ ಬಿದ್ದವು, ಕುಡಿದವೇ ಮತ್ತೆ ಕುಡಿದವು. ಬೀಳುತ್ತಿದ್ದ ನೀರು ನಿಲ್ಲಲೇ ಇಲ್ಲ. ಯತ್ತಪ್ಪ ತನ್ನ ಹಳೆಯ ಕಂಬಳಿ ಹಾಸಿಕೊಂಡು ಕೂತು, ಏಣಿಯ ಬುಡದಲ್ಲಿ ಮಡಚಿಟ್ಟಿದ್ದ ಹೊಸ ಕಂಬಳಿಗಳನ್ನು ನೋಡಿ, "ಯಾರಿಗೆ ಮದುವೆ?" ಎಂದು ಕೇಳಿದ.

ಕುರಿ ಹೋದ ಮೇಲೆ ತೊಟ್ಟಿ ನಿಧಾನವಾಗಿ ತುಂಬಿ, ಅಂಚಿನಿಂದ ಮೊದಲ ನೀರು ಮುರುಗೇಂದ್ರಪ್ಪನ ಚಪ್ಪಲಿಯ ಮೇಲೆ ಚೆಲ್ಲಿದಾಗ ಮಧ್ಯಾಹ್ನ ಒಂದು ಗಂಟೆ. ಅವನು ಕೈ ಎತ್ತಿದ. ಪಾತಣ್ಣ ಮೋಟಾರು ನಿಲ್ಲಿಸಿದ. ಕಂಬಳಿಗಳು ಮೇಲೆ ಹೋದವು. ಮೂವರೂ ಒಳಗೆ ಹೋಗಿ ಡಬ್ಬಿಯ ಮುಂದೆ ನಿಂತರು.

ಆರು.

ಶಿವಬಸಮ್ಮ ನೋಟ್‌ಬುಕ್ ತೆರೆದು ಸೋಮವಾರದ ಮುಂದೆ ಆರು ಬರೆದಳು. ಕೂಡಿದಳು. ನೋಟ್‌ಬುಕ್ಕನ್ನು ಮೈದುನನ ಕಡೆ ತಿರುಗಿಸಿದಳು. ನೂರ ನಲವತ್ತೆರಡು.

ಮುರುಗೇಂದ್ರಪ್ಪ ತಾನೂ ಒಂದು ಸಲ ಕೂಡಿದ. ಕರಾರು ಕರಾರೇ. ಜೇಬಿನಿಂದ ಫೋನು ತೆಗೆದು, ನಾಳೆ ಲಾರಿ ಬೇಡ ಎಂದು ಹೇಳಿದ. ಆಮೇಲೆ ನೋಟ್‌ಬುಕ್ಕಿನ ಮೇಲೆ ಬೆರಳಿಟ್ಟ.

"ನೋಡಿದ್ರಾ ಅತ್ತಿಗೆ? ಮಂಗಳವಾರದಿಂದ ಭಾನುವಾರದ ತನಕ ತಿಪ್ಪರಲಾಗ ಹಾಕಿದ್ರೂ ನೂರಾ ನಲವತ್ತು ಮುಟ್ಲಿಲ್ಲ. ಮುಟ್ಟಿಸಿದ್ದು ಸೋಮವಾರ."

"ಹೌದು."

"ಸೋಮವಾರ ಹಿಡಿದಿದ್ದಕ್ಕೆ ಗಿರಣಿ ಉಳೀತು."

"ಹೌದು."

"ಅಪ್ಪ ಸುಮ್ನೆ ಮಾಡಿರ್ಲಿಲ್ಲ."

ಪಾತಣ್ಣ ಏನೋ ಹೇಳಲು ಬಾಯಿ ತೆರೆದ. ಶಿವಬಸಮ್ಮ ಅವನನ್ನು ನೋಡಿದಳು. ಅವನು ಜೀವಮಾನದಲ್ಲಿ ಮೊದಲ ಸಲ ಬಾಯಿ ಮುಚ್ಚಿದ.

ಮುರುಗೇಂದ್ರಪ್ಪ ಒದ್ದೆ ಚಪ್ಪಲಿ ಕೊಡವಿಕೊಂಡು ಬಾಗಿಲಲ್ಲಿ ನಿಂತು ನಿಟ್ಟುಸಿರು ಬಿಟ್ಟ. "ಈಗ ಸಿಮೆಂಟು ಎಲ್ಲಿ ಇಡೋದು ಅಂತ ನಾನು ಮಾಹಿತಿ ಹುಡುಕ್ಬೇಕು."

ಶಿವಬಸಮ್ಮ ಗೂಡಿನಲ್ಲಿದ್ದ ಪುಸ್ತಿಕೆ ತೆಗೆದು ಅವನ ಕೈಗೆ ಕೊಟ್ಟಳು.

"ಇದರಾಗೆ ಸಿಮೆಂಟಿನ ವಿಷ್ಯ ಐತಾ?"

"ಇಲ್ಲ. ಕಡೇ ಪುಟದಾಗೆ ಬೊಮ್ಮಲಿಂಗಪ್ಪನೋರ ಕಚೇರಿ ಐತೆ. ಅವರಿಗೆ ಯಾವುದೂ ಗೊತ್ತಿಲ್ಲ, ಯಾರಿಗೆ ಗೊತ್ತು ಅಂತ ಗೊತ್ತು. ಆದ್ರೆ ಮೊದ್ಲು ಪೂರ್ತಿ ಓದ್ಕೊಂಡು ಹೋಗ್ರಿ."

ಮಂಗಳವಾರ ಬೆಳಗ್ಗೆ ಬಿಸಿಲೇರುವ ಮುಂಚೆ ಗಿರಣಿಯ ಮುಂದೆ ಮೂರು ಟ್ರ್ಯಾಕ್ಟರು ನಿಂತಿದ್ದವು. ಪಾತಣ್ಣ ಹಗ್ಗ ಜಗ್ಗಿ ಒಂಬತ್ತು ಕಂಬಳಿಯನ್ನೂ ಎಳೆದು, ಕೊಡವಿ, ಮಡಚಿಟ್ಟು, ಕೈಯಲ್ಲಿ ಎಣ್ಣೆಯ ಡಬ್ಬಿ ಹಿಡಿದುಕೊಂಡು ಏಣಿಯ ಕೆಳಗೆ ನಿಂತ.

"ಅಮ್ಮಾರೆ, ಹೆಂಗೂ ಇಲ್ಲೇ ಇರ್ತಾವಲ್ಲ ಇನ್ನು. ಒಂದೇ ಒಂದು ತೊಟ್ಟು?"

"ಬೇಡ" ಎಂದು ಶಿವಬಸಮ್ಮ ಹೊಸ ಪುಟದಲ್ಲಿ ‘ಮಂಗಳವಾರ’ ಎಂದು ಬರೆದು, ಮುಂದೆ ಜಾಗ ಬಿಟ್ಟಳು.